ಮಾಶಿಮಾ ಬೆಸುಗೆ ಹಾಕಿದ ಅಕ್ಷರ

ಹೋದ ವಾರ ಟಾಲಿಗಂಜ್ ಮೆಟ್ರೋ ಸ್ಟೇಷನ್ನಿನ ಹೊರಗೆ ಮೊಬೈಲ್ ರಿಪೇರಿಯ ಗೂಡಂಗಡಿಯೊಂದನ್ನು ದಾಟುವಾಗ ಸುಟ್ಟ ರಾಳದ ವಾಸನೆ ಬಂತು. ಬೆಸುಗೆ ಹಾಕುವಾಗ ಏಳುವ, ಗಂಟಲಲ್ಲಿ ಸ್ವಲ್ಪ ಹೊತ್ತು ಕೂತುಬಿಡುವ ಆ ವಾಸನೆ. ತರಕಾರಿ ಚೀಲ ಹಿಡಿದು ಅಲ್ಲೇ ನಿಂತೆ. ಮೇಲಿನ ಮನೆಯ ಮಾಶಿಮಾ ನೆನಪಾದರು.

ಮಾಶಿಮಾ ಎಂದರೆ ಬಂಗಾಳಿಯಲ್ಲಿ ತಾಯಿಯ ಅಕ್ಕನೋ ತಂಗಿಯೋ. ನಮಗೆ ಅವರು ಸಂಬಂಧಿಕರೇನಲ್ಲ, ನಾವು ಬಾಡಿಗೆಗಿದ್ದ ಮನೆಯ ಮೇಲಿನ ಮಹಡಿಯಲ್ಲಿ ಒಂಟಿಯಾಗಿದ್ದವರು. ತೆಳ್ಳನೆಯ ಮೈ, ನೀಲಿ ಅಂಚಿನ ಬಿಳಿ ಸೀರೆ, ಕೊರಳಿಗೆ ದಾರದಲ್ಲಿ ನೇತುಬಿದ್ದ ಕನ್ನಡಕ. ವಯಸ್ಸಿನಲ್ಲಿದ್ದಾಗ ರೇಡಿಯೋ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಕೆಲಸ ಮಾಡಿದ್ದರು ಎಂದು ಕೇಳಿದ್ದೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು.

ನಮ್ಮ ಅಪ್ಪ ಮೈಸೂರಿನವರು. ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ವರ್ಗವಾಗಿ ಬಂಗಾಳದ ಈ ಊರಿಗೆ ಬಂದವರು ಇಲ್ಲೇ ನಿವೃತ್ತರಾದರು. ನಾನು ಕಾಲೇಜಿನಲ್ಲಿದ್ದಾಗಲೇ ಅಮ್ಮ ತೀರಿಹೋಗಿದ್ದಳು. ಸಾಲ್ಟ್ ಲೇಕಿನಲ್ಲಿ ವಾರಕ್ಕೊಂದು ಸಾಫ್ಟ್‌ವೇರ್ ಕಂಪನಿ ಬೋರ್ಡು ಹಾಕುತ್ತಿದ್ದ ಕಾಲ ಅದು. ನನಗೂ ಅಲ್ಲೊಂದು ಕಡೆ ಕೆಲಸ ಸಿಕ್ಕಿತು. ಅದೇ ವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು.

ಬುದ್ಧಿ ನೆಟ್ಟಗಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಕೈ ಸದಾ ನಡುಗುತ್ತಿತ್ತು. ತಲೆಯೂ ಅಲ್ಲಾಡುತ್ತಲೇ ಇರುತ್ತಿದ್ದರಿಂದ ಅವರು ಹೂಂ ಅಂದರೋ ಊಹೂಂ ಅಂದರೋ ತಿಳಿಯುತ್ತಿರಲಿಲ್ಲ. ಪೆನ್ನು ಹಿಡಿಯಲಾಗದು. ಮನೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ ನೋಡಿದೆ. ಹೊಸ ಕೀಬೋರ್ಡಿನ ಮೆತ್ತನೆಯ ಕೀಗಳು ನಡುಗುವ ಬೆರಳು ಸೋಕಿದರೆ ಸಾಕು, ಒಂದು ಅಕ್ಷರಕ್ಕೆ ನಾಲ್ಕು ಉದುರಿಸುತ್ತಿದ್ದವು. ಆಗ ನಮ್ಮ ಆಫೀಸಿನಲ್ಲಿ ಮೂಲೆಗೆ ಎಸೆದಿದ್ದ ಹಳೆಯ ಕೀಬೋರ್ಡೊಂದನ್ನು ಮ್ಯಾನೇಜರನ್ನು ಕೇಳಿ ತಂದೆ. ಇಟ್ಟಿಗೆಯಷ್ಟು ಭಾರ. ಪ್ರತಿ ಕೀಯ ಕೆಳಗೂ ಸ್ಪ್ರಿಂಗ್ ಇರುವ ಬೇರೆಬೇರೆ ಸ್ವಿಚ್ಚು. ಗಟ್ಟಿಯಾಗಿ ಒತ್ತಿದರೆ ಮಾತ್ರ ಟಕ್ ಎಂದು ಸದ್ದು ಮಾಡಿ ಒಂದೇ ಒಂದು ಅಕ್ಷರ ಮೂಡುತ್ತಿತ್ತು. ಅಪ್ಪನಿಗೆ ಅದು ಒಗ್ಗಿತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ನನ್ನ ಜೊತೆ ಮಾತಾಡತೊಡಗಿದರು.

ಕನ್ನಡವನ್ನು ಹಾಗೆ ಬರೆದರೆ ಹೆಜ್ಜೆಗೊಂದು ಇಂಗ್ಲಿಷಿನ 'ಎ' ಬೇಕು. ಮೊದಲು ಸವೆದದ್ದೂ ಅದೇ. ಕೆಲವು ಸಲ ಮೂಡುತ್ತಿತ್ತು, ಕೆಲವು ಸಲ ಇಲ್ಲ. 'ಎ ಕೀ ನೋಡು' ಎಂದು ಅಪ್ಪ ಎರಡು ಸಲ ಬರೆದರು. ನೋಡ್ತೀನಿ ಅಪ್ಪ ಎಂದೆ. ಬಿಟ್ಟುಹೋದ ಎ-ಗಳನ್ನು ಓದುವಾಗ ನಾನೇ ಸೇರಿಸಿಕೊಳ್ಳುವುದು ರೂಢಿಯಾಗಿ, ಹಾಗೇ ಹದಿನೈದು ದಿನ ಕಳೆಯಿತು.

ನಾನು ಆಫೀಸಿಗೆ ಹೋದ ಮೇಲೆ ಮಾಶಿಮಾ ಮಧ್ಯಾಹ್ನ ಎರಡಕ್ಕೆ ಇಳಿದು ಬಂದು, ಮೇಜಿನ ಮೇಲೆ ಸಣ್ಣ ಬಟ್ಟಲಲ್ಲಿ ನಾನಿಟ್ಟಿದ್ದ ರಕ್ತದೊತ್ತಡದ ಗುಳಿಗೆ ಕೊಟ್ಟು, ಅಪ್ಪನ ಜೊತೆ ಕೂತಿರುತ್ತಿದ್ದರು. ಆ ದಿನ ಮೀಟಿಂಗಿನ ನಡುವೆ ಅವರ ಫೋನು ಬಂತು.

"ಶೋನೋ ಮಾ, ಇಲ್ಲಿ ಕೇಳು, ಬಟ್ಟಲಲ್ಲಿ ಗುಳಿಗೆ ಇಲ್ಲ. ಇಡೋದು ಮರೆತೆಯಾ? ನಾನು ಸ್ಟ್ರಿಪ್ಪಿನಿಂದ ಒಂದು ತೆಗೆದೆ. ನಿನ್ನ ಬಾಬಾ ಏನೋ ಬರೆದಿದ್ದಾರೆ, ಓದ್ತೀನಿ ಕೇಳು." ಒಂದೊಂದೇ ಅಕ್ಷರ ಹೇಳಿದರು. ಗುಳಿಗೆ ಎಂದು ಕೂಡಿತು. ಆಮೇಲೆ ಬಿ, ಇ, ಡಿ.

ಗುಳಿಗೆ, ಬೆಡ್. ನುಂಗಿ ಮಲಗಬೇಕೆನಿಸಿದೆ ಅಂದುಕೊಂಡೆ. ಬೆಳಿಗ್ಗೆ ಅವಸರದಲ್ಲಿ ಇಡಲು ಮರೆತಿರಬೇಕು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಕೊಡಿ ಮಾಶಿಮಾ, ಕೊಟ್ಟು ಮಲಗಿಸಿ" ಎಂದು ಫೋನಿಟ್ಟೆ.

ನಾಲ್ಕು ಗಂಟೆಯ ಸುಮಾರಿಗೆ ಮತ್ತೆ ಫೋನು. ಈ ಸಲ ಅವರ ದನಿ ಗುರುತೇ ಸಿಗಲಿಲ್ಲ. "ಎಬ್ಬಿಸಿದರೆ ಏಳ್ತಿಲ್ಲ ಮಾ. ಮೈ ತಣ್ಣಗಿದೆ. ನೀನು ಬಾ."

ಶೋಭಾಬಜಾರಿನವರೆಗೆ ಆಟೋ, ಅಲ್ಲಿಂದ ಮೆಟ್ರೋ. ನೆಲದಡಿಯಲ್ಲಿ ಆಗ ಮೊಬೈಲಿಗೆ ಸಿಗ್ನಲ್ ಇರುತ್ತಿರಲಿಲ್ಲ. ನಮ್ಮ ಮನೆಯಿದ್ದ ಟಾಲಿಗಂಜ್ ಆಗ ಕೊನೆಯ ಸ್ಟೇಷನ್. ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲು ತೆರೆದು, ಜನ ನಿಧಾನವಾಗಿ ಇಳಿದು, ನಿಧಾನವಾಗಿ ಹತ್ತಿ... ಅಪ್ಪ ಇದ್ದಾರೋ ಇಲ್ಲವೋ ಎಂಬುದು ಮೇಲೆ, ಭೂಮಿಯ ಮೇಲೆ, ಎಲ್ಲರಿಗೂ ಗೊತ್ತಿದೆ, ನನಗೊಬ್ಬಳಿಗೇ ಗೊತ್ತಿಲ್ಲ ಅನಿಸುತ್ತಿತ್ತು. ಪಕ್ಕದ ಹೆಂಗಸೊಬ್ಬರು ಎದ್ದು ನನಗೆ ಜಾಗ ಬಿಟ್ಟದ್ದು ನೆನಪಿದೆ. ಕೂರಲು ಹೆದರಿಕೆಯಾಯಿತು. ಕೂತರೆ ಏಳಲಾರೆ ಅನಿಸಿ ನಿಂತೇ ಬಂದೆ.

ಅಷ್ಟರಲ್ಲಿ ಮಾಶಿಮಾ ಓಣಿಯವರನ್ನು ಕೂಗಿ, ಅಪ್ಪನನ್ನು ಟ್ಯಾಕ್ಸಿಯಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಸಾಗಿಸಿದ್ದರು. ರಕ್ತದೊತ್ತಡ ಪಾತಾಳಕ್ಕಿಳಿದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ಮುಗಿಸಲಿಲ್ಲ. ಮಾಶಿಮಾ ಹೊರಗಿನ ಬೆಂಚಿನಲ್ಲಿ, ಅಪ್ಪನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಅಪ್ಪ ಉಳಿದರು. ಐದು ದಿನಕ್ಕೆ ಮನೆಗೆ ಬಂದು ಮೊದಲು ಬರೆದ ಸಾಲನ್ನು ನಾನು ಎ ಸೇರಿಸಿಕೊಂಡು ಓದಿದೆ. ಆ ದಿನ ಬಟ್ಟಲಲ್ಲಿದ್ದ ಗುಳಿಗೆಯನ್ನು ಊಟದ ಜೊತೆ ಅವರೇ ತೆಗೆದುಕೊಂಡಿದ್ದರಂತೆ. ತಮ್ಮ ಕೈಯಲ್ಲೇ ಅಷ್ಟಾದರೂ ಆಗಲಿ ಎಂದು. ಮಾಶಿಮಾ ಎರಡನೆಯದನ್ನು ತೆಗೆದಾಗ 'ಗುಳಿಗೆ ಬೇಡ' ಎಂದು ಬರೆದಿದ್ದರಂತೆ.

ಬಿ, ಇ, ಡಿ, ಎ.

ಅಂದಿನಿಂದ ನನಗೆ ಪರದೆ ನೋಡಲೇ ಭಯ. ಪ್ರತಿ ಮಾತನ್ನೂ ಮೂರು ಸಲ ಕೇಳುತ್ತಿದ್ದೆ. ಚಾಂದನಿ ಮಾರುಕಟ್ಟೆಯ ಕಂಪ್ಯೂಟರ್ ಅಂಗಡಿಗಳಿಗೆ ಕೀಬೋರ್ಡನ್ನು ಹೊತ್ತುಕೊಂಡು ಹೋದೆ. "ಇದನ್ನ ಯಾರೂ ಮಾಡಲ್ಲ ದಿದಿ, ಸ್ವಿಚ್ಚೆಲ್ಲ ಬೆಸುಗೆ ಹಾಕಿಬಿಟ್ಟಿದ್ದಾರೆ. ಹೊಸದು ತಗೊಳ್ಳಿ" ಎಂದರು. ಅಂಥದ್ದು ಹೊಸದಾಗಿ ಎಲ್ಲಿಯೂ ಸಿಗಲಿಲ್ಲ. ವಾಪಸು ಬಂದು ಮೆಟ್ಟಿಲ ಮೇಲೆ ಕೂತಿದ್ದವಳನ್ನು ಮಾಶಿಮಾ ನೋಡಿದರು. ಆ ಘಟನೆಯ ಮೇಲೆ ಅವರು ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಕೀಬೋರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು.

"ಬೆಸುಗೆ ತಾನೆ," ಎಂದರು. "ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿರುತ್ತೆ. ನನ್ನ ಕಣ್ಣಿಗೆ ಪೊರೆ ಬಂದಿದೆ, ನೀನು ಟಾರ್ಚ್ ಹಿಡಿಬೇಕು."

ಭಾನುವಾರ ಮಾಶಿಮಾ ಬೆಸುಗೆ ಹಾಕುವ ತಮ್ಮ ಹಳೆಯ ಐರನ್ ತಂದರು, ಅಪ್ಪನ ಕಿಟಕಿಯ ಬಳಿ ಮೇಜು ಎಳೆದುಕೊಂಡೆವು. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಸ್ಕ್ರೂ ಬಿಚ್ಚಿ, ಬೋರ್ಡನ್ನು ಮಗುಚಿದಾಗ ಅದರ ಬೆನ್ನ ತುಂಬ ಸೀಸದ ಚುಕ್ಕೆಗಳು, ಸ್ವಿಚ್ಚಿಗೆ ಎರಡರಂತೆ.

"ಬೇರೆ ಸ್ವಿಚ್ಚು ಎಲ್ಲಿಂದ ತರೋದು?" ಎಂದೆ.

"ಇಲ್ಲಿಂದಲೇ. ನಿಮ್ಮ ಭಾಷೆಗೆ ಬೇಡದ ಅಕ್ಷರ ಯಾವುದು?"

ಅಪ್ಪ ಮುಂದೆ ಬಾಗಿ, ನಡುಗುವ ಬೆರಳನ್ನು ಬಿಚ್ಚಿಟ್ಟ ಕೀಗಳ ಮೇಲೆ ಆಡಿಸಿ, 'ಕ್ಯೂ' ಮೇಲೆ ಇಟ್ಟರು. ಆ ದಿನಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಹಳೆಯ ಸೀಸ ಕರಗಲು ಮೊಂಡಾಟ ಮಾಡುತ್ತಿತ್ತು. ಮಾಶಿಮಾ ಅದರ ಮೇಲೆ ಚೂರು ಹೊಸ ಸೀಸ ತಾಕಿಸಿ, ಎರಡೂ ಬೆರೆತು ಹೊಳೆದ ಕೂಡಲೇ ಸಣ್ಣ ಪಂಪಿನಿಂದ ಹೀರಿ ತೆಗೆದರು. ಜಾಸ್ತಿ ಹೊತ್ತು ಕಾಯಿಸಿದರೆ ಅಡಿಯ ತಾಮ್ರದ ಗೆರೆ ಬೋರ್ಡಿನಿಂದ ಎದ್ದುಬಿಡುತ್ತದೆ, ಎದ್ದರೆ ಅಕ್ಷರ ಹೋದಂತೆ ಎಂದರು. ಇರುವುದು ಒಂದೇ ಕೀಬೋರ್ಡು. ಅದು ಕೆಟ್ಟರೆ ಅಪ್ಪ ಪೂರ್ತಿ ಮೂಕರಾಗುತ್ತಾರೆ. ಕ್ಯೂ ಸ್ವಿಚ್ಚು ಬಿಡಿಸಿಕೊಂಡು ಮೇಲೆ ಬಂತು. ಎ ಸ್ವಿಚ್ಚಿನ ಒಂದು ಕಾಲೂ ಬಿಟ್ಟಿತು. ಎರಡನೆಯದಕ್ಕೆ ಐರನ್ ಒತ್ತುತ್ತಾ ಅವರು ತಲೆಯೆತ್ತದೆ ಕೇಳಿದರು.

"ಆ ದಿನ ನಿನ್ನ ಬಾಬಾ ಬರೆದದ್ದು ಏನು ಮಾ? ಬೆಡ್ ಅಂದರೆ ಹಾಸಿಗೆ ತಾನೆ?"

ನರ್ಸಿಂಗ್ ಹೋಮಿನಲ್ಲಿ ನಾನು ಅವರಿಗೆ ಏನೂ ಹೇಳಿರಲಿಲ್ಲ.

"ಬೇಡ ಅಂತ, ಮಾಶಿಮಾ. ಕೊನೆಯ ಎ ಬಿದ್ದಿರಲಿಲ್ಲ."

"ಬೇಡ ಅಂದರೆ?"

"ನಿಮ್ಮ ಭಾಷೆಯಲ್ಲಿ, ಲಾಗ್ಬೆ ನಾ."

ಅವರ ಕೈ ಅಲ್ಲೇ ನಿಂತಿತು. "ನಾನೇ ಬಾಯಿಗೆ ಹಾಕಿದೆ," ಎಂದರು. "ಅವರು ತುಟಿ ಬಿಗಿಹಿಡಿದಿದ್ದರು. ಕಹಿ ಇರಬೇಕು ಅಂತ ಮುದ್ದು ಮಾಡಿ ಕೊಟ್ಟೆ." ಆಮೇಲೆ, "ಈ ಕೀ ಅವತ್ತೇ ಕೆಟ್ಟಿತಾ?" ಎಂದು ಕೇಳಿದರು.

"ಹೂಂ, ಅವತ್ತೇ" ಎಂದೆ.

ಅಪ್ಪ ನನ್ನನ್ನು ನೋಡಿದರು. ಅವರ ಮಾತು ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು.

ಅಷ್ಟರಲ್ಲಿ ಐರನ್ ಹೊತ್ತು ಮೀರಿ ಕೂತಿತ್ತು. ಮಾಶಿಮಾ ಚಟ್ಟನೆ ತೆಗೆದರು. ಕೂದಲೆಳೆಯಷ್ಟು ತಾಮ್ರ ಸುರುಳಿಯಾಗಿ ಎದ್ದು ನಿಂತಿತ್ತು. ಬೀದಿಯಲ್ಲಿ ರಿಕ್ಷಾದವನ ಗಂಟೆ ಕೇಳಿಸುತ್ತಿತ್ತು. ಅವರು ಎದ್ದು ಮೇಲೆ ಹೋದರು. ಮತ್ತೆ ಬರುವುದಿಲ್ಲ ಎಂದೇ ನಾನು ತಿಳಿದೆ. ಬಂದರು, ಕೈಯಲ್ಲಿ ಹಳೆಯ ರೇಡಿಯೋದ ತಂತಿಯ ತುಂಡು. ಅದರಿಂದ ಒಂದೇ ಒಂದು ಎಳೆ ಬಿಡಿಸಿ, ಕ್ಯೂ ಸ್ವಿಚ್ಚನ್ನು ಎ ಜಾಗದಲ್ಲಿ ಕೂರಿಸಿ, ಅದರ ಕಾಲಿನಿಂದ ಮುಂದಿನ ಚುಕ್ಕೆಯವರೆಗೆ ಆ ಎಳೆಯನ್ನು ಸೇತುವೆಯಂತೆ ಬೆಸೆದರು. ಅವರಿಗೆ ಚುಕ್ಕೆ ಕಾಣುತ್ತಿರಲಿಲ್ಲ. ಎಡಕ್ಕೆ, ಇನ್ನೂ ಎಡಕ್ಕೆ ಎಂದು ನಾನು ಹೇಳುತ್ತಿದ್ದೆ.

ಕೀಬೋರ್ಡು ಜೋಡಿಸಿ, ಕಂಪ್ಯೂಟರ್ ಹಾಕಿ ಅಪ್ಪನ ಮುಂದಿಟ್ಟೆವು. ಅಪ್ಪ ಎ ಒತ್ತಿದರು. ಟಕ್. ಮೂಡಿತು. ಹತ್ತು ಸಲ ಒತ್ತಿದರು, ಹತ್ತೂ ಮೂಡಿದವು. ಆಮೇಲೆ ನಿಧಾನವಾಗಿ ಬಂಗಾಳಿಯಲ್ಲಿ ಎರಡು ಪದ ಬರೆದರು. ಮಾಶಿಮಾ ಪರದೆಗೆ ಮೂಗು ತಾಗುವಷ್ಟು ಬಾಗಿ ಓದಿದರು.

"ಕಾಲ್ ಆಶ್ಬೇನ್." ನಾಳೆ ಬನ್ನಿ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮೇಲೆ ಹೋದರು. ಮಾರನೆಯ ದಿನ ಎರಡಕ್ಕೆ ಸರಿಯಾಗಿ ಬಂದರು. ಅಂದಿನಿಂದ ಗುಳಿಗೆ ಕೊಡುವ ಮುಂಚೆ ಅಪ್ಪನ ಕೈಯಲ್ಲಿ ಒಮ್ಮೆ ಎ ಒತ್ತಿಸಿ ನೋಡದೆ ಅವರು ಬಟ್ಟಲು ಮುಟ್ಟುತ್ತಿರಲಿಲ್ಲ. ಅಪ್ಪ ಇನ್ನೂ ಎರಡು ವರ್ಷ ಬದುಕಿದರು. ಆ ಕೀ ಯಾವಾಗ ಕೆಟ್ಟಿತೆಂದು ಅವರು ಎಂದೂ ಬರೆಯಲಿಲ್ಲ, ನನ್ನನ್ನು ಕೇಳಲೂ ಇಲ್ಲ.

ಅಪ್ಪ ಹೋದ ಮೇಲೆ ಮನೆಯನ್ನು ಫ್ಲ್ಯಾಟು ಕಟ್ಟುವ ಪ್ರೊಮೋಟರ್ ಒಬ್ಬ ಕೊಂಡು ಕೆಡವಿದ. ಮಾಶಿಮಾ ಬಾರಾಸತ್ತಿನ ತಂಗಿಯ ಮನೆ ಸೇರಿದರು. ಕಣ್ಣಿನ ಪೊರೆ ತೆಗೆಸಿಕೊಂಡಾಗ ಒಮ್ಮೆ ನೋಡಲು ಹೋಗಿದ್ದೆ. ಸಂದೇಶ್ ಎಂಬ ಸಿಹಿ ತಿನ್ನಿಸಿದರು. ಹೊಸ ಕನ್ನಡಕದಲ್ಲಿ ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಮುಂಚೆಯೇ ಪೊರೆ ತೆಗೆಸಿಕೊಳ್ಳಬೇಕಿತ್ತು ಮಾ," ಎಂದರು. "ಆ ದಿನ ಕೊನೆಯಲ್ಲಿ ಎ ಇತ್ತೇನೋ. ನನ್ನ ಕಣ್ಣಿಗೇ ಬೀಳಲಿಲ್ಲವೇನೋ. ಈಗಲೂ ಅದೇ ಯೋಚನೆ ಬರುತ್ತೆ."

ಇಲ್ಲ ಮಾಶಿಮಾ, ಎ ಇರಲಿಲ್ಲ, ಹದಿನೈದು ದಿನದಿಂದ ಇರಲಿಲ್ಲ, ಅದು ನನಗೆ ಗೊತ್ತಿತ್ತು... ಇಷ್ಟು ಹೇಳಿದ್ದರೆ ಸಾಕಿತ್ತು. ಮೆಟ್ರೋದಲ್ಲಿ ನಿಂತಿದ್ದಾಗಿನ ಅದೇ ಭಯ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಅವರು ಬಾಗಿಲವರೆಗೆ ಬಂದು, ಹುಷಾರಾಗಿ ಹೋಗು ಎಂದು ತಲೆ ಸವರಿದರು.

ಮುಂದಿನ ಚಳಿಗಾಲದಲ್ಲಿ ತಂಗಿಯವರ ಫೋನು ಬಂತು. ಮಾಶಿಮಾ ಹೋಗಿ ಆಗಲೇ ಮೂರು ದಿನವಾಗಿತ್ತು.

ಅಪ್ಪನಿಗೆ ಗೊತ್ತಿದ್ದದ್ದು, ನನಗೆ ಗೊತ್ತಿದ್ದದ್ದು, ಅವರಿಗೆ ಮಾತ್ರ ಗೊತ್ತಾಗಲೇ ಇಲ್ಲ. ಇವತ್ತು ಇಲ್ಲಿ, ಅವರಿಗೆ ಓದಲು ಬಾರದ ಭಾಷೆಯಲ್ಲಿ ಬರೆಯುತ್ತಿದ್ದೇನೆ: ನಿಮ್ಮ ಕಣ್ಣು ತಪ್ಪಲಿಲ್ಲ ಮಾಶಿಮಾ.