ಸೈತಾನನ ಬಗ್ಗೆ ನರ್ಸಮ್ಮ ಹೇಳಿದ್ದು

ತೊಂಬತ್ತರ ದಶಕದಲ್ಲಿ ನಾನು ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದೆ. ಪಹಣಿ, ಖಾತೆ ಬದಲಾವಣೆ, ಪೋಡಿ, ವಿಧವಾ ವೇತನ, ಯಾವುದಕ್ಕೂ ಇಲ್ಲ ಅನ್ನುತ್ತಿರಲಿಲ್ಲ. ನಮ್ಮ ಸಾಲಿನಲ್ಲಿ ಐದು ಜನ ಬರಹಗಾರರಿದ್ದೆವು. ಐವರಲ್ಲಿ ನಾನೇ ಮೇಲು ಎಂದು ನನಗೆ ಗೊತ್ತಿತ್ತು. ಉಳಿದ ನಾಲ್ವರಿಗೂ ಗೊತ್ತಿರಲಿ ಎಂದು ಆಗಾಗ ಹೇಳುತ್ತಲೂ ಇದ್ದೆ.

ಮೂಕರ್ಜಿಯನ್ನೂ ಬರೆಯುತ್ತಿದ್ದೆ. ಹೆಸರು, ಸಹಿ ಇಲ್ಲದ ದೂರಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅದಕ್ಕೊಂದು ಪದ್ಧತಿಯಿತ್ತು. ನಾನು ಕರಡು ಮಾಡಿಕೊಡುತ್ತಿದ್ದೆ. ಬರೆಸಿದವರು ಅದನ್ನು ಬೇರೆ ಯಾರ ಕೈಯಲ್ಲಾದರೂ ನಕಲು ಮಾಡಿಸಿ, ಕೆಳಗೆ ‘ಇಂತಿ ನೊಂದ ಗ್ರಾಮಸ್ಥರು’ ಎಂದು ಸೇರಿಸಿ, ಪಕ್ಕದೂರಿನ ಅಂಚೆ ಡಬ್ಬಿಗೆ ಹಾಕುತ್ತಿದ್ದರು. ನನ್ನ ಕರಡು ಒಲೆಗೆ ಹೋಗುತ್ತಿತ್ತು. ಎಷ್ಟೋ ಸಲ ನೊಂದ ಗ್ರಾಮಸ್ಥರೆಲ್ಲ ಸೇರಿ ಒಬ್ಬನೇ ಇರುತ್ತಿದ್ದ.

ಒಂದು ವರ್ಷ ಮಳೆ ಹಿಂದಾಗುವ ಹೊತ್ತಿಗೆ ಸೊರಬದ ಗಡಿಯ ಹಳ್ಳಿಯೊಂದರಿಂದ ಅಂಥವನೊಬ್ಬ ಬಂದ. ಓದದೆ ಡಾಕ್ಟರಾದವನು, ಜ್ವರವಿರಲಿ, ಸೊಂಟನೋವಿರಲಿ ಒಂದೇ ಇಂಜೆಕ್ಷನ್ ಕೊಡುತ್ತಿದ್ದ. ಆ ಊರಿನ ಆರೋಗ್ಯ ಉಪಕೇಂದ್ರದ ನರ್ಸಮ್ಮ, ಸುಮ್ಮಸುಮ್ಮನೆ ಸೂಜಿ ಚುಚ್ಚಿಸಿಕೊಳ್ಳಬೇಡಿ ಎಂದು ಜನಕ್ಕೆ ಹೇಳಿ ಅವನ ಹೊಟ್ಟೆಯ ಮೇಲೆ ಹೊಡೆದಿದ್ದರು. ಅವರನ್ನು ಎತ್ತಂಗಡಿ ಮಾಡಿಸಬೇಕು ಎಂದ. ಊರಲ್ಲಿ ಇರುವುದಿಲ್ಲ, ಮನೆಮನೆಗೆ ಬರುವುದಿಲ್ಲ, ಬಾಣಂತಿಯರನ್ನು ಬೈಯುತ್ತಾರೆ ಎಂದು ಮೂರು ಆರೋಪ ಹೇಳಿದ. ಮೂರಕ್ಕೆ ಕಾಗದ ತುಂಬಲಿಲ್ಲ. ಸರ್ಕಾರಿ ಔಷಧಿ ಮಾರಿಕೊಳ್ಳುತ್ತಾರೆ ಎಂಬ ನಾಲ್ಕನೆಯದನ್ನು ನಾನೇ ಸೇರಿಸಿದೆ. ಕೊನೆಗೆ ‘ತಾವೇ ಕಣ್ಣು ಮುಚ್ಚಿದರೆ ಬಡವರಿಗೆ ಬೆಳಕು ತೋರುವವರಾರು?’ ಎಂದು ಹಾಕಿದೆ. ಈ ವಾಕ್ಯ ನನ್ನ ಸ್ವಂತದ್ದು. ಎಲ್ಲೂ ಬಿಡುತ್ತಿರಲಿಲ್ಲ, ರೇಷನ್ ಕಾರ್ಡಿನ ಅರ್ಜಿಗೂ ಹಾಕಿದ್ದೇನೆ.

ಹದಿನೈದು ದಿನದ ಮೇಲೆ ಆ ನರ್ಸಮ್ಮನೇ ನನ್ನ ಮೇಜಿನ ಮುಂದೆ ಬಂದು ನಿಂತರು. ನಲವತ್ತರ ಆಸುಪಾಸು, ಬಿಳಿ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ. ನನಗೆ ಹೊಸಬರೇನಲ್ಲ. ಹಿಂದಿನ ವರ್ಷ ಅವರ ಕ್ವಾರ್ಟರ್ಸಿನ ಸೋರುವ ಮಾಡಿನ ಬಗ್ಗೆ ಅರ್ಜಿ ಬರೆದುಕೊಟ್ಟಿದ್ದೆ. ಮೂಕರ್ಜಿ ಬರೆಯುವಾಗ ಅದು ನೆನಪಾಗಿತ್ತು. ಕಸುಬಿನಲ್ಲಿ ಮುಖ ನೋಡುತ್ತ ಕೂತರೆ ಆಗುವುದಿಲ್ಲ ಎಂದುಕೊಂಡು ಮುಂದುವರಿಸಿದ್ದೆ.

ಅವರ ಕೈಯಲ್ಲಿ ತಾಲ್ಲೂಕು ಆಸ್ಪತ್ರೆಯ ದೊಡ್ಡ ಡಾಕ್ಟರು ಕಳಿಸಿದ ನೋಟಿಸಿತ್ತು, ಅದರ ಜೊತೆ ಮೂಕರ್ಜಿಯ ನಕಲು. ಸಮಜಾಯಿಷಿ ಬರೆಸಬೇಕಿತ್ತು. ವರ್ಗ ಮಾಡುವುದಾದರೆ ಮಾಡಲಿ, ಮಾರ್ಚಿ ದಾಟಲಿ ಎಂಬುದಷ್ಟೇ ಅವರ ಬೇಡಿಕೆ. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸೊರಬದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಮೊದಲೇ ಲೆಕ್ಕ ಬಾರದ ಹುಡುಗಿ, ನಡುವರ್ಷದಲ್ಲಿ ಶಾಲೆ ಬಿಡಿಸಿದರೆ ಫೇಲಾಗುತ್ತಾಳೆ ಎಂದರು.

ನನ್ನದೇ ದೂರನ್ನು ಮೊದಲ ಸಲ ಓದುವವನ ಹಾಗೆ ಓದಿದೆ. ಚೆನ್ನಾಗಿಯೇ ಇತ್ತು. ಯಾರು ಬರೆಸಿರಬಹುದು ಎಂದು ಕೇಳಿದೆ. "ಸೈತಾನನ ಕೆಲಸ ರೀ," ಎಂದರು, ಬಸ್ಸಿನ ಟೈಮು ಹೇಳಿದ ಹಾಗೆ.

ಯಾರದು ಸೈತಾನ ಎಂದು ಕೇಳಿದೆ. ಮಾತು ಬೇರೆ ಕಡೆ ಹೊರಳಿದರೆ ಸಾಕಾಗಿತ್ತು. ಸಮಜಾಯಿಷಿಗೆ ಡೈರಿ ತನ್ನಿ, ಸ್ಟಾಕ್ ರಿಜಿಸ್ಟರ್ ತನ್ನಿ ಎಂದು ನಾನು ಅವರನ್ನು ನಾಲ್ಕು ಸಲ ಬರಿಸಿದೆ. ಪ್ರತಿ ಸಲವೂ ಬೆಂಚಿನ ಮೇಲೆ ಕೂತು, ಬಸ್ಸು ಬರುವವರೆಗೆ ಸ್ವಲ್ಪ ಸ್ವಲ್ಪವಾಗಿ ಸೈತಾನನ ವಿಷಯ ಹೇಳಿದರು.

ನಮ್ಮ ಕಡೆಯ ದೆವ್ವ ನನಗೆ ಗೊತ್ತಿತ್ತು. ಆಸೆ ಉಳಿಸಿಕೊಂಡು ಸತ್ತವರು ದೆವ್ವವಾಗಿ ಮೈಮೇಲೆ ಬರುತ್ತಾರೆ. ಏನು ಬೇಕೆಂದು ಕೇಳಿ ಕೊಟ್ಟರೆ ಹೋಗುತ್ತಾರೆ. ರಾಕ್ಷಸರೂ ಗೊತ್ತು. ತಪಸ್ಸು ಮಾಡಿ, ವರ ಪಡೆದು, ಲೋಕಕ್ಕೆಲ್ಲ ಉಪದ್ರವ ಕೊಟ್ಟು, ದೇವರ ಕೈಯಲ್ಲೇ ಸತ್ತು ಮೋಕ್ಷಕ್ಕೆ ಹೋಗುತ್ತಾರೆ. ಅಲ್ಲಿಗೆ ಕಡತ ಮುಗಿಯುತ್ತದೆ. ನರ್ಸಮ್ಮನ ಸೈತಾನ ಈ ಎರಡು ಬಾಬಿಗೂ ಸೇರಲಿಲ್ಲ. ಅವನು ಎಂದೂ ಮನುಷ್ಯನಾಗಿರಲಿಲ್ಲ, ಸತ್ತೂ ಇಲ್ಲ. ದೇವದೂತ. ದೇವರು ಸೃಷ್ಟಿಸಿದ ದೂತರಲ್ಲೆಲ್ಲ ಹೆಚ್ಚು ಪ್ರಕಾಶವಿದ್ದವನು. ತನ್ನ ಚೆಂದವನ್ನು ತಾನೇ ನೋಡಿಕೊಂಡು ತಲೆ ತಿರುಗಿ, ದೇವರ ಸಮಕ್ಕೆ ತನಗೂ ಒಂದು ಸಿಂಹಾಸನ ಬೇಕೆಂದ. ಯುದ್ಧವಾಯಿತು. ದೂತರಲ್ಲಿ ಮೂರನೇ ಒಂದು ಪಾಲನ್ನು ಕಟ್ಟಿಕೊಂಡು ಕೆಳಕ್ಕೆ ಬಿದ್ದ.

"ಅಂದ್ರೆ ಡಿಸ್ಮಿಸ್ ಮಾಡ್ಲಿಲ್ಲ, ಭೂಮಿಗೆ ವರ್ಗ ಮಾಡಿದ್ರು," ಎಂದೆ.

ನರ್ಸಮ್ಮ ನಗಲಿಲ್ಲ. ಹಾಗೂ ಅನ್ನಬಹುದು ಎಂದರು.

ನಾನು ಕೋರ್ಟಿನ ಪಾಟೀಸವಾಲು ಕೇಳಿ ಬೆಳೆದವನು, ಬಿಡಲಿಲ್ಲ. ಅವನನ್ನು ಕೆಟ್ಟವನನ್ನಾಗಿ ಮಾಡಿದ್ದೂ ದೇವರೇ ತಾನೆ ಎಂದೆ. ಇಲ್ಲ, ದೇವರು ಒಳ್ಳೆಯವನನ್ನಾಗಿಯೇ ಮಾಡಿದ್ದ, ಕೆಟ್ಟಿದ್ದು ಅವನ ಸ್ವಂತ ಇಷ್ಟ ಎಂದರು. ಕೊಂಬು, ಬಾಲ? ಅವೆಲ್ಲ ಚಿತ್ರ ಬರೆಯುವವರು ಹಚ್ಚಿದ್ದಂತೆ. ಬಲವಂತದಿಂದ ಪಾಪ ಮಾಡಿಸುತ್ತಾನೋ? ಅಷ್ಟು ಅಧಿಕಾರ ಅವನಿಗಿಲ್ಲ, ಕಿವಿಯಲ್ಲಿ ಹೇಳುತ್ತಾನೆ ಅಷ್ಟೆ. ಹೊಸದಾಗಿ ಏನನ್ನೂ ಹುಟ್ಟಿಸಲಾರ, ಇದ್ದದ್ದನ್ನೇ ತಿರುಚುತ್ತಾನೆ. ಇನ್ನೊಂದು ಕೆಲಸವೂ ಉಂಟು ಎಂದರು. ಭೂಮಿಯೆಲ್ಲ ಸುತ್ತಿಕೊಂಡು ಬಂದು, ದೇವರ ಸಭೆಯಲ್ಲಿ ನಿಂತು ಮನುಷ್ಯರ ಮೇಲೆ ದೂರು ಹೇಳುವುದು. ಹಿಂದೆ ಒಬ್ಬ ಸಜ್ಜನನಿದ್ದನಂತೆ. ನೀನು ದನಕರು ಕೊಟ್ಟಿದ್ದೀಯ ಅಂತ ಇವನಿಗೆ ಭಕ್ತಿ, ಎಲ್ಲ ಕಿತ್ತುಕೊಂಡು ನೋಡು ಎಂದು ಸೈತಾನ ದೇವರಿಗೆ ಹೇಳಿ, ಅವನ ಮನೆ ಮಕ್ಕಳು ಎಲ್ಲ ಹಾಳಾಗುವಂತೆ ಮಾಡಿದನಂತೆ.

ದೂರನ್ನು ಬರವಣಿಗೆಯಲ್ಲಿ ಕೊಟ್ಟನೋ ಎಂದು ಕೇಳಿದೆ. ಬಾಯಿಮಾತಿನಲ್ಲೇ ಎಂದರು. ನನಗೆ ಸ್ವಲ್ಪ ಸಮಾಧಾನವಾಯಿತು.

ನಾಲ್ಕನೆಯ ಸಲ ಬಂದಾಗ, ಅವನಿಗೆ ಮಾಫಿ ಅನ್ನುವುದು ಇಲ್ಲವೇ ಎಂದು ಕೇಳಿದೆ. ಎಷ್ಟಾದರೂ ದೊಡ್ಡ ಹುದ್ದೆಯಲ್ಲಿದ್ದವನು.

"ಕೇಳಿದ್ರೆ ತಾನೆ ರೀ ಸಿಗೋದು. ಅವನು ಕೇಳಲ್ಲ. ನಾನೇ ಮಾಡಿದ್ದು ಅನ್ನೋ ಒಂದು ಮಾತು ಅವನ ಬಾಯಲ್ಲಿ ಬರಲ್ಲ."

ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಪೆನ್ನಿನಲ್ಲಿ ಇಂಕು ಇತ್ತು, ಆದರೂ ಬಗ್ಗಿ ಇನ್ನಷ್ಟು ತುಂಬಿಕೊಂಡೆ.

ಆ ಸಮಜಾಯಿಷಿ ನಾನು ಬರೆದದ್ದರಲ್ಲೆಲ್ಲ ಒಳ್ಳೆಯದು. ದೂರಿನ ಹುಳುಕು ನನ್ನಷ್ಟು ಗೊತ್ತಿದ್ದವರು ಯಾರಿದ್ದರು? ನಾಲ್ಕೂ ಆರೋಪಗಳನ್ನು ತಾರೀಖು ಸಮೇತ ಅಡ್ಡಡ್ಡ ಮಲಗಿಸಿದೆ. ಕೊನೆಗೆ ಬೆಳಕು ತೋರುವವರಾರು ಎಂಬ ನನ್ನ ವಾಕ್ಯವನ್ನೂ ಹಾಕಿದೆ. ಹಾಕಬಾರದು ಎಂದು ಬರೆಯುವಾಗಲೇ ಹೊಳೆದಿತ್ತು. ಆದರೆ ಅದಿಲ್ಲದೆ ಕಾಗದ ಬೋಳುಬೋಳಾಗಿ ಕಂಡಿತು, ಬಿಡಲು ಮನಸ್ಸು ಬರಲಿಲ್ಲ.

ವಾರದೊಳಗೆ ದೊಡ್ಡ ಡಾಕ್ಟರು ಜವಾನನನ್ನು ಕಳಿಸಿ ನನ್ನನ್ನು ಕರೆಸಿದರು. ಮೇಜಿನ ಮೇಲೆ ಎರಡು ಕಾಗದ. ಎರಡರಲ್ಲೂ ಆ ವಾಕ್ಯದ ಕೆಳಗೆ ಕೆಂಪು ಗೆರೆ. ನರ್ಸಮ್ಮ ಗೋಡೆಯ ಪಕ್ಕ ನಿಂತಿದ್ದರು.

"ನೋಡ್ರೀ, ಎರಡೂ ನಿಮ್ಮದೇ ಅಂತ ಕಾಣ್ಸುತ್ತೆ," ಎಂದರು ಡಾಕ್ಟರು. "ಯಾರೋ ಹೇಳಿದ್ರು, ಬರ್ಕೊಟ್ಟೆ ಅಂತ ಒಂದು ಮಾತು ಹೇಳಿ, ಈ ಮೂಕರ್ಜೀನ ಹರಿದು ಹಾಕ್ತೀನಿ. ಇಲ್ಲಾಂದ್ರೆ ಔಷಧಿ ವಿಷಯ ಇದೆ, ವಿಚಾರಣೆ ಇಡ್ಲೇಬೇಕಾಗುತ್ತೆ. ಅದು ಮುಗಿಯೋ ತನಕ ಇವರು ಆ ಜಾಗದಲ್ಲಿರೋ ಹಾಗಿಲ್ಲ."

ಬಾಗಿಲ ಹತ್ತಿರ ನಮ್ಮ ಸಾಲಿನ ಇನ್ನೊಬ್ಬ ಬರಹಗಾರ ಯಾವುದೋ ಸರ್ಟಿಫಿಕೇಟಿಗೆ ಕಾಯುತ್ತ ನಿಂತಿದ್ದ. ನಾನು ಒಪ್ಪಿಕೊಂಡರೆ ಅವನು ಮರದ ಕೆಳಗೆ ಹೋಗಿ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತಿತ್ತು.

"ಸಮಜಾಯಿಷಿ ನಂದು ಸಾರ್," ಎಂದೆ. "ಇನ್ನೊಂದು ಗೊತ್ತಿಲ್ಲ. ನನ್ನ ಮಾತನ್ನ ಎಷ್ಟೋ ಜನ ಕದ್ದು ಬರೀತಾರೆ."

ಡಾಕ್ಟರು ಸರಿ ಎಂದು ಎರಡೂ ಕಾಗದಗಳನ್ನು ಒಂದೇ ಫೈಲಿಗೆ ಸೇರಿಸಿದರು. ಅವತ್ತು ಮಧ್ಯಾಹ್ನ ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು. ಹೋಗಿ ಹೇಳಿಬಿಡೋಣ ಎಂದು ಎರಡು ಸಲ ಎದ್ದೆ. ಒಂದು ಸಲ ತೊಗರ್ಸಿಯ ಕಡೆಯವರೊಬ್ಬರು ಪಹಣಿಗೆ ಬಂದರು, ಇನ್ನೊಂದು ಸಲ ಯಾರೂ ಬರಲಿಲ್ಲ. ಎರಡು ಸಲವೂ ಕುಳಿತುಕೊಂಡೆ.

ನವೆಂಬರಿನಲ್ಲಿ ಆರ್ಡರು ಬಂತು, ತೀರ್ಥಹಳ್ಳಿಯಿಂದಾಚೆಗೆ. ನರ್ಸಮ್ಮ ಮಗಳನ್ನು ಕರೆದುಕೊಂಡು ನನ್ನ ಮೇಜಿಗೇ ಬಂದರು. ಹುಡುಗಿಯ ಟಿ.ಸಿ. ಕೇಳಿ ಹೆಡ್‌ಮಾಸ್ಟರಿಗೊಂದು ಅರ್ಜಿ ಬೇಕಿತ್ತು. ಹುಡುಗಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ನಾನು ನಾಲ್ಕು ಸಾಲಿನಲ್ಲಿ ಮುಗಿಸಿದೆ. ನರ್ಸಮ್ಮ ಓದಿ, ಜನ್ಮ ದಿನಾಂಕ ಸರಿಯಿದೆಯೇ ನೋಡಿ, ಸಹಿ ಹಾಕಿದರು. ಸೊರಬದ ಬಸ್ಸು ಬಂತಾ ನೋಡು ಎಂದು ಮಗಳನ್ನು ಮುಂದೆ ಕಳಿಸಿದರು.

"ನೋಟಿಸ್ ಬಂದ ದಿನಾನೇ ಗೊತ್ತಾಯ್ತು ರೀ, ನೀವೇ ಬರೆದಿದ್ದು ಅಂತ," ಎಂದರು. "ನಮ್ಮ ಮಾಡಿನ ಅರ್ಜೀಲೂ ಅದೇ ಮಾತಿತ್ತು. ಅದಕ್ಕೇ ಬೇರೆ ಯಾರ ಹತ್ರನೂ ಹೋಗ್ದೆ ನಿಮ್ಮ ಹತ್ರ ಬಂದೆ. ನಾಲ್ಕು ಸಲ ಬಂದ್ನಲ್ಲ, ಒಂದು ಸಲನಾದ್ರೂ ಹೇಳ್ತೀರಿ ಅಂದ್ಕೊಂಡೆ."

ಇಷ್ಟು ಹೇಳಿದ ಮೇಲೂ ಹೊರಡಲಿಲ್ಲ. ಆಗಲೂ ಕಾಯುತ್ತಿದ್ದರು ಅನ್ನಿಸುತ್ತದೆ. ನಾನು ಬಾಯಿ ತೆರೆದೆ. ಇನ್ನೊಂದು ಕಾಪಿ ಬೇಕಾ ಎಂದು ಕೇಳಿದೆ.