ಕಸ ಚೆಲ್ಲುವ ಮೊದಲು

ಬೆಳಗಾವಿಯ ನಮ್ಮ ಓಣಿಗೆ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬಂದಾಗ ಉಳಿದ ಮನೆಯವರೆಲ್ಲ ಬಕೀಟು ಬೋರಲು ಹಾಕಿ ಒಳಗೆ ಹೋಗಿಬಿಡುತ್ತಾರೆ. ನಾನೊಬ್ಬ ಮಾತ್ರ ಈರುಳ್ಳಿ ಸಿಪ್ಪೆ, ಚಹಾದ ಗಸಿ, ಹರಿದ ಹಾಲಿನ ಪಾಕೀಟುಗಳ ನಡುವೆ ಕೈಯಾಡಿಸುತ್ತ, ಆ ಹಾಡು ಮುಗಿದು ಮತ್ತೆ ಶುರುವಾಗುವವರೆಗೂ ಗಾಡಿಯವನನ್ನು ಕಾಯಿಸುತ್ತೇನೆ. "ಕಸದಾಗ ಬಂಗಾರ ಹುಡುಕ್ತೀರೇನ್ರಿ?" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಾಳೆ. ಬಂಗಾರವಾಗಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ.

ಚಿಂತೆ ನನ್ನ ಹುಟ್ಟುಗುಣ, ಒಪ್ಪುತ್ತೇನೆ. ಬೀಗ ಹಾಕಿದ್ದೇನೆಯೇ ಎಂದು ನೋಡಲು ಬಸ್‌ಸ್ಟ್ಯಾಂಡಿನಿಂದ ಮನೆಗೆ ಮರಳಿ, ಬೀಗವನ್ನು ಭದ್ರವಾಗಿ ಕಂಡು, ಬಸ್ಸನ್ನು ಕಳೆದುಕೊಂಡವನು ನಾನು. ಆದರೆ ಈ ಕಸದ ಚಿಂತೆ ಮಾತ್ರ ಖಾನಾಪುರದಿಂದ ಬಂದದ್ದು.

ಕಣಕುಂಬಿಯಲ್ಲಿ ಹುಟ್ಟುವಾಗ ಬೊಗಸೆಯಲ್ಲಿ ಹಿಡಿಯಬಹುದಾದ ಮಲಪ್ರಭೆ ಒಂದು ಮಳೆಗಾಲ ಖಾನಾಪುರದ ಹೊಳೆದಂಡೆಯ ಮನೆಗಳಿಗೆ ನುಗ್ಗಿದ್ದಳು. ನೀರಿಳಿದ ಮೇಲೆ ಮನೆಗಳ ರಾಡಿ ತೆಗೆಯಲು ನಮ್ಮ ಓಣಿಯವರು ಹೊರಟಾಗ, ಜನ್ಮದಲ್ಲಿ ಸಲಿಕೆ ಮುಟ್ಟದ ನಾನೂ ಹೊಸ ಗಮ್‌ಬೂಟು ಧರಿಸಿ ಟೆಂಪೋ ಹತ್ತಿದೆ. ನಮಗೆ ಸಿಕ್ಕದ್ದು ನೀಲವ್ವ ಎಂಬ ರೈತ ಹೆಣ್ಣುಮಗಳ ಮನೆ. ಆಕೆ ಶಾಲೆಯ ಗಂಜಿ ಕೇಂದ್ರದಿಂದ ಬರುವಷ್ಟರಲ್ಲಿ ಮನೆ ಥಳಥಳಿಸಬೇಕೆಂದು ಅಡುಗೆಮನೆಯನ್ನು ನಾನೇ ವಹಿಸಿಕೊಂಡೆ. ನೆಲ, ಒಲೆ, ಗೋಡೆಯಲ್ಲಿನ ಗೂಡಿನಂಥ ಮಾಡ, ಒಂದನ್ನೂ ಬಿಡದೆ ಬಳಿದು ಬುಟ್ಟಿ ಬುಟ್ಟಿ ಬೀದಿಗೆ ಸುರಿದೆ. ಟ್ರ್ಯಾಕ್ಟರು ಆಗಾಗ ಬಂದು ಅದನ್ನು ತುಂಬಿಕೊಂಡು ಹೋಗುತ್ತಿತ್ತು.

ನೀಲವ್ವ ಬಂದಾಗ ನಾನು ಪ್ರಶಂಸೆಯ ನಿರೀಕ್ಷೆಯಲ್ಲಿ ಸಲಿಕೆಗೆ ಒರಗಿ ನಿಂತಿದ್ದೆ. ಆಕೆ ನೆಲವನ್ನು ನೋಡಲೇ ಇಲ್ಲ. ನೇರವಾಗಿ ಮಾಡದೊಳಗೆ ಕೈ ಹಾಕಿದರು.

"ಅಣ್ಣಾರ, ಇಲ್ಲಿ ನನ್ನ ಲಿಂಗದ ಕರಡಿಗಿ ಇತ್ತಲ್ರಿ?"

ಕೊರಳಿನಿಂದ ಎಂದೂ ಇಳಿಸದ ಇಷ್ಟಲಿಂಗವಿದ್ದ, ಗುಂಡಗಿನ ಪುಟ್ಟ ಡಬ್ಬಿ ಅದು. ಶಿವದಾರ ಸವೆದಿತ್ತೆಂದು, ಹೊಸದು ಪೋಣಿಸಲು ಬಿಚ್ಚಿ ಮಾಡದಲ್ಲಿ ಇಟ್ಟ ಹೊತ್ತಿಗೇ ನೀರು ಒಳಗೆ ಬಂದಿತ್ತು. ಮಕ್ಕಳನ್ನು ಎಳೆದುಕೊಂಡು ಓಡಿದ್ದರು. ಅಂದಿನಿಂದ ಚಹಾ ಬಿಟ್ಟರೆ ಏನೂ ಮುಟ್ಟಿರಲಿಲ್ಲ. "ಪೂಜಿ ಇಲ್ಲದ ಹ್ಯಾಂಗ ಉಣ್ಲಿರಿ?" ಎಂದರು. ಮಾಡವನ್ನು ಬಳಿದ ಕೈ ನನ್ನದೇ.

ಗೆಳೆಯ ಮಾರುತಿ ಬೀದಿಗೆ ಓಡಿ, ಹೊರಟಿದ್ದ ಟ್ರ್ಯಾಕ್ಟರಿಗೆ ಅಡ್ಡ ನಿಂತು, "ಥಾಂಬಾ, ಥಾಂಬಾ!" ಎಂದು ಮರಾಠಿಯಲ್ಲಿ ಕೂಗಿದ. ಟ್ರಾಲಿಯ ರಾಡಿಯನ್ನೆಲ್ಲ ಮತ್ತೆ ಬೀದಿಗೆ ಇಳಿಸಿ, ಎಲ್ಲರೂ ಕುಕ್ಕರುಗಾಲಲ್ಲಿ ಕುಳಿತು ಹಿಸುಕಿ ಹಿಸುಕಿ ನೋಡಿದೆವು. ಕೈಗೆ ಗುಂಡಗಿನದೇನು ಹತ್ತಿದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ತೊಳೆದು ನೋಡಿದರೆ ಆಲೂಗಡ್ಡೆ, ಇಲ್ಲವೇ ಯಾವುದೋ ಡಬ್ಬಿಯ ಮುಚ್ಚಳ. ಮೊದಲಿನ ಟ್ರಾಲಿಗಳ ರಾಡಿ ಊರಾಚೆಯ ತಗ್ಗಿನಲ್ಲಿ ಇಡೀ ಊರಿನ ರಾಡಿಯೊಂದಿಗೆ ಬೆರೆತುಹೋಗಿತ್ತು. ಅಲ್ಲಿಗೂ ಹೋಗಿ ಕತ್ತಲಾಗುವವರೆಗೆ ಕೆದಕಿದೆವು. ಸಿಗಲಿಲ್ಲ.

"ಇರ್ಲಿ ಬಿಡ್ರಿ ಅಣ್ಣಾರ, ನೀವು ಹಸದೀರಿ, ಉಣ್ಣಾಕ ಕುಂದರ್ರಿ," ಎಂದು ನೀಲವ್ವ, ನಾವೇ ತಂದಿದ್ದ ಉಪ್ಪಿಟ್ಟನ್ನು ನಮಗೇ ಬಡಿಸಿದರು. ತಾವು ಮುಟ್ಟಲಿಲ್ಲ.

ಬೆಳಗಾವಿಗೆ ಮರಳಿದ ಮೇಲೆ ರೊಟ್ಟಿ ಮುರಿದಾಗಲೆಲ್ಲ ಒಂದೇ ಪ್ರಶ್ನೆ: ಆಕೆ ಉಂಡರೋ ಇಲ್ಲವೋ? ಫೋನು ಮಾಡಿ ಕೇಳಲು ಧೈರ್ಯವಿಲ್ಲ, ಕೇಳದೆ ಸಮಾಧಾನವಿಲ್ಲ. ಕೊನೆಗೆ ಮಾರುತಿಯೇ ಆಕೆಗೆ ಫೋನು ಮಾಡಿ, ಆಮೇಲೆ ನನಗೂ ಫೋನು ಮಾಡಿ ತಿಳಿಸಿದ. ನೀಲವ್ವನ ತವರೂರು ಬೀಡಿಯಿಂದ ಗುರುಗಳಾದ ಅಯ್ಯನವರು ಬಂದು ಹೊಸ ಲಿಂಗ ಕಟ್ಟಿದ್ದರಂತೆ. "ಮತ್ತ ಅಕ್ಕಾರು ನಿನಗೊಂದು ಮಾತು ಹೇಳಿ ಕಳಿಸ್ಯಾರ," ಎಂದ. "ಆ ಬೂಟಿನ ಅಣ್ಣಾರಿಗೆ ಹೇಳ್ರಿ, ನಾ ಉಂಡೀನಿ ಅಂತ."

ನಾನು ಫೋನು ಹಿಡಿದುಕೊಂಡೇ ಅತ್ತುಬಿಟ್ಟೆ. ಉಪವಾಸವಿದ್ದಾಕೆಗೆ ನನ್ನ ಚಿಂತೆಯದೂ ಚಿಂತೆಯಿತ್ತು. ಇಷ್ಟು ವರ್ಷ ಚಿಂತಿಸುವುದನ್ನೇ ಕಸುಬು ಮಾಡಿಕೊಂಡ ನಾನು, ಇನ್ನೊಬ್ಬರ ಚಿಂತೆಯನ್ನು ಹೀಗೆ ಇಳಿಸಿದ್ದು ನೆನಪಿಲ್ಲ.

ಆದರೂ ಕೈ ಕೇಳಬೇಕಲ್ಲ. ಇಂದು ಬೆಳಿಗ್ಗೆ ಮೋಡ ಮುಚ್ಚಿತ್ತು. ಗಾಡಿಯ ಹಾಡು ಕೇಳಿದ್ದೇ ನನ್ನ ಕೈ ಬಕೀಟಿನೊಳಗೆ ಇಳಿಯಿತು. ಹೆಂಡತಿ ಬಂಗಾರದ ಮಾತೆತ್ತಲಿಲ್ಲ. ಪಡಸಾಲೆಯ ದೀಪ ಹಾಕಿ, "ಸಾವಕಾಶ ನೋಡ್ರಿ, ಗಾಡಿಯಾಂವಗ ನಾ ನಿಲ್ಲಾಕ ಹೇಳ್ತೀನಿ," ಎಂದು ಬೀದಿಗೆ ಇಳಿದಳು.