ಹಾಸಿಗೆಯ ಕೆಳಗೆ ಮಲಗಿದವರು

ನಮ್ಮ ಬೀದಿಯಲ್ಲಿ ಎಲ್ಲರೂ ಹಾಸಿಗೆಯ ಮೇಲೆ ಮಲಗುತ್ತಾರೆ. ಹಾಸಿಗೆಯ ಕೆಳಗೆ ಮಲಗುವವರು ಇಬ್ಬರೇ: ಹಾಸಿಗೆ ಹೊಲಿಯುವ ಅಕ್ಕ ಮತ್ತು ಅವಳ ಅತ್ತೆ. ಗಂಡ ತೀರಿಕೊಂಡ ಮೇಲೂ ಸೊಸೆ ಅತ್ತೆಯನ್ನು ಬಿಡಲಿಲ್ಲ. ಅತ್ತೆ ಸೊಸೆಯನ್ನು ಬೈಯುವುದನ್ನು ಬಿಡಲಿಲ್ಲ. ಹೀಗೆ ಸಂಸಾರ ಸುಗಮವಾಗಿ ಸಾಗಿತ್ತು.

ಅವರಿದ್ದದ್ದು ಒಂದು ಮನೆಯ ತಾರಸಿಯ ಮೇಲಿನ ರೂಮಿನಲ್ಲಿ. ಸೂರು ಎಂದರೆ ತಗಡಿನ ಶೀಟು. ಬೇಸಿಗೆಯಲ್ಲಿ ಅದರ ಮೇಲೆ ಕೂತ ಕಾಗೆ ಎರಡೂ ಕಾಲನ್ನು ಒಟ್ಟಿಗೆ ಊರುತ್ತಿರಲಿಲ್ಲ. ಒಂದು ಸುಡುವಾಗ ಇನ್ನೊಂದನ್ನು ಆರಿಸಿಕೊಳ್ಳುತ್ತಿತ್ತು. ಡಬ್ಬಿಯಲ್ಲಿಟ್ಟ ಅಕ್ಕಿ ತಾನಾಗಿ ಬೇಯುತ್ತಿತ್ತು ಎಂದರೆ ಉತ್ಪ್ರೇಕ್ಷೆಯಾದೀತು. ಅರ್ಧ ಬೇಯುತ್ತಿತ್ತು, ಅಷ್ಟೇ. ಸಾಲದ್ದಕ್ಕೆ ಕೆಳಗಿನ ಮಹಡಿಯ ಓನರ್ ತಮ್ಮ ಕೋಣೆಗೆ ಏಸಿ ಹಾಕಿಸಿ, ಅದರ ಹೊರಗಿನ ಡಬ್ಬವನ್ನು ಅಕ್ಕನ ಬಾಗಿಲ ಪಕ್ಕ ಕೂರಿಸಿದ್ದರು. ತಂಪು ಅವರಿಗೆ, ಅದು ಉಗುಳಿದ ಬಿಸಿ ಇವರಿಗೆ. ಲೋಕದ ಸೆಖೆ ಏರುವುದಕ್ಕೆ ಆ ರೂಮಿನಿಂದ ಹೋಗುತ್ತಿದ್ದದ್ದು ಒಂದು ಬಲ್ಬು, ಒಂದು ಸ್ಟೌವು, ಜೊತೆಗೆ ಅತ್ತೆಯ ಸಿಟ್ಟು. ವಾಪಸು ಬರುತ್ತಿದ್ದದ್ದು ಮಾತ್ರ ಊರಿನವರೆಲ್ಲರ ಪಾಲು.

ಒಂದು ಬೇಸಿಗೆಯಲ್ಲಿ ಅತ್ತೆ ಕೂತಲ್ಲೇ ಬವಳಿ ಬಂದು ಬಿದ್ದರು. ಇನ್ನೊಂದು ಬೇಸಿಗೆ ಹೀಗೇ ಕಳೆದರೆ ಜೀವಕ್ಕೆ ಅಪಾಯ, ತಂಪಾದ ಮನೆ ನೋಡಿ ಎಂದರು ಡಾಕ್ಟರು. ಅಕ್ಕ ನೋಡಿದಳು. ನೋಡುವುದಕ್ಕೇನು, ಬಿಟ್ಟಿ. ಗಟ್ಟಿ ಸೂರಿನ ಮನೆಗಳ ಬಾಡಿಗೆ ಕೇಳಿದರೇ ಜ್ವರ ಬರುತ್ತಿತ್ತು. ಕೈಗೆಟುಕುವ ಮನೆಗಳೆಲ್ಲ ಮೋರಿಯ ದಂಡೆಯಲ್ಲಿದ್ದವು. ಅಲ್ಲಿ ಮಳೆ ಬಂದರೆ ಪಾತ್ರೆ ತೊಳೆಯಬೇಕಾಗಿಯೇ ಇಲ್ಲ, ಅವೇ ಈಜಿಕೊಂಡು ಹೋಗಿ ಸ್ನಾನ ಮುಗಿಸಿ ಬರುತ್ತವೆ. ಅಕ್ಕ ಸುಮ್ಮನೆ ಹಿಂದಿರುಗಿದಳು.

ಅವಳ ಬಳಿ ಇದ್ದ ಆಸ್ತಿ ಹಳೆಯ ಹತ್ತಿ. ಹೊಸ ಹಾಸಿಗೆ ಹೊಲಿಸಿಕೊಂಡವರು ಹಳೆಯದನ್ನು ಅವಳಲ್ಲೇ ಬಿಟ್ಟುಹೋಗುತ್ತಿದ್ದರು. ಆ ಹತ್ತಿಯನ್ನು ಬಿಸಿಲಿಗೆ ಹಾಕಿ, ಬಡಿದು, ತೆಳ್ಳಗಿನ ಹಾಸಿಗೆಗಳಾಗಿ ಹೊಲಿದು, ಶೀಟಿನ ಕೆಳಗೆ ಬಿದಿರಿನ ಗಳಗಳಿಗೆ ಕಟ್ಟಿದಳು. ಶೀಟಿನ ಮೇಲೆ ಸುಣ್ಣ ಬಳಿದಳು. ಮೊದಲ ಮಧ್ಯಾಹ್ನವೇ ಹಗ್ಗ ಸಡಿಲಾಗಿ ಒಂದು ಹಾಸಿಗೆ ಅತ್ತೆಯ ಮೇಲೆ ಬಿತ್ತು. ಅದರಡಿಯಿಂದ ದನಿ ಬಂತು:

"ವಯಸ್ಸಾದೋರು ಹಾಸಿಗೆ ಹಿಡೀತಾರೆ ಅಂತ ಕೇಳಿದ್ದೆ ಕಣೇ. ಹಾಸಿಗೇನೇ ಬಂದು ಹಿಡ್ಕೊಳ್ಳುತ್ತೆ ಅಂತ ಗೊತ್ತಿರ್ಲಿಲ್ಲ."

ಹಗ್ಗ ಬಿಗಿಯಾದ ಮೇಲೆ ರೂಮು ತಂಪಾಯಿತು. ಬೀದಿಯ ಬೆಕ್ಕುಗಳೆಲ್ಲ ತಮ್ಮ ವಿಳಾಸ ಬದಲಾಯಿಸಿ ಅಲ್ಲಿಗೇ ಬಂದವು. ಕೆಳಗೆ ಓನರ್ ಮನೆಯ ಏಸಿಗೂ ಆಗಾಗ ರಜೆ ಸಿಗತೊಡಗಿತು. ಕಾರಣವೇನೆಂದು ಅವರು ಯೋಚಿಸಲಿಲ್ಲ.

ಒಂದು ದಿನ ನೀರಿನ ಟ್ಯಾಂಕು ನೋಡಲು ಮೇಲೆ ಬಂದ ಓನರನ್ನು ಅಕ್ಕ ಮರ್ಯಾದೆಗೆಂದು ಒಳಗೆ ಕರೆದು ಕೂರಿಸಿದಳು. ಅದೇ ತಪ್ಪಾಯಿತು. ಕೂತವರು ಒರಗಿದರು, ಒರಗಿದವರು ಗೊರಕೆ ಹೊಡೆದರು. ಆ ಸದ್ದಿಗೆ ಬೀದಿಯಲ್ಲಿ ನಿಲ್ಲಿಸಿದ್ದ ಸ್ಕೂಟರೊಂದು ತಾನಾಗಿ ಸ್ಟಾರ್ಟ್ ಆಯಿತು. ಎಚ್ಚರವಾದಾಗ ಸುತ್ತಲೂ ನೋಡಿ, ಇಂಥ ರೂಮು ಈ ಬಾಡಿಗೆಗೆ ಎಲ್ಲಿ ಸಿಗುತ್ತಮ್ಮ, ಮುಂದಿನ ತಿಂಗಳಿಂದ ಒಂದೂವರೆ ಪಟ್ಟು ಕೊಡು, ಆಗದಿದ್ದರೆ ಖಾಲಿ ಮಾಡು ಎಂದರು.

ಅಕ್ಕ ದನಿ ಏರಿಸಲಿಲ್ಲ. "ರೂಮು ನಿಮ್ದು ಸಾರ್. ತಂಪು ನಂದು. ಬಿಚ್ಕೊಂಡು ಹೋಗ್ತೀನಿ."

"ಧಾರಾಳವಾಗಿ ಬಿಚ್ಕೊಳಮ್ಮ," ಎಂದು ಓನರ್ ನಗುತ್ತ ಇಳಿದರು.

ಕೊಟ್ಟ ಬಾಡಿಗೆಯ ತಿಂಗಳು ಮುಗಿಯಲು ಇನ್ನೂ ದಿನಗಳಿದ್ದರೂ ಅಂದೇ ಬಿಚ್ಚಿದಳು. ಶೀಟಿನ ಸುಣ್ಣವನ್ನೂ ಕೆರೆದು ಹಾಕಿದಳು. ರೂಮು ಮತ್ತೆ ಒಲೆಯಾಯಿತು. ಅಲ್ಲಿರಲಾಗದ ಅತ್ತೆ ಓನರ್ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು, ಬಂದುಹೋಗುವವರಿಗೆಲ್ಲ ತಾನೇಕೆ ಕೂತಿದ್ದೇನೆಂದು ವಿವರವಾಗಿ, ಒಂದಕ್ಕೆರಡು ಸೇರಿಸಿ ಹೇಳತೊಡಗಿದರು. ಅಕ್ಕ ಹೊಲಿಗೆಯ ನಡುನಡುವೆ ಇಳಿದು ಬಂದು ಅವರ ಕೈ ಮುಟ್ಟಿ ನೋಡುತ್ತಿದ್ದಳು. ಮತ್ತೆ ಬವಳಿ ಬಂದರೆ ಅದಕ್ಕೆ ತನ್ನ ಹಟವೇ ಕಾರಣವಾಗುತ್ತದಲ್ಲ ಎಂಬ ಅಳುಕು. ಅತ್ತೆ ಕೈ ಕೊಡವಿ, "ಇನ್ನೂ ಇದೀನಿ, ಹೋಗೇ," ಎನ್ನುತ್ತಿದ್ದರು.

ಮೇಲಿನ ಬಿಸಿ ಮೆಲ್ಲಗೆ ಓನರ್ ಕೋಣೆಗೂ ಇಳಿಯಿತು. ಏಸಿ ಹಗಲೆಲ್ಲ ಏದುಸಿರು ಬಿಟ್ಟು ಕೊನೆಗೆ ಕೈಚೆಲ್ಲಿತು. ಆಗ ಓನರ್ ಹೆಂಡತಿ, ಬೆನ್ನ ಹಿಂದೆ ಗಂಡನನ್ನು ಕರೆದುಕೊಂಡು, ಬೆವರೊರೆಸುತ್ತ ಮೆಟ್ಟಿಲ ಬಳಿಗೆ ಬಂದು, ಅದೇನು ಕಟ್ಟಿದ್ದೆಯೋ ಮತ್ತೆ ಕಟ್ಟು ತಾಯಿ ಎಂದು ಅಕ್ಕನನ್ನು ಕೇಳಿಕೊಂಡರು.

"ಕಟ್ತೀನಮ್ಮ. ನಮ್ಮತ್ತೆ ಇರೋವರೆಗೂ ಬಾಡಿಗೆ ಏರಿಸಲ್ಲ ಅಂತ ಸಾರ್ ಎಲ್ಲರ ಮುಂದೆ ಹೇಳ್ಲಿ. ಆ ಡಬ್ಬದ ಮುಖಾನೂ ಬೀದಿ ಕಡೆ ತಿರುಗಿಸ್ಲಿ."

ಓನರ್ ಮೆಟ್ಟಿಲ ಮೇಲೆ ಮುದುಡಿ ಕೂತಿದ್ದ ಅತ್ತೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ಚೌಕಾಸಿಯಿಲ್ಲದೆ ಒಪ್ಪಿಬಿಟ್ಟರು. ಆ ಲೆಕ್ಕ ಅತ್ತೆಗೂ ಅರ್ಥವಾಯಿತು.

"ಹಾಗಾದ್ರೆ ನಾನಿನ್ನು ಸಾಯೋ ಹಾಗಿಲ್ಲ ಬಿಡಿ," ಎಂದರು.

ಆಮೇಲೆ ಬೇಸಿಗೆಗಳು ಬಂದುಹೋಗುತ್ತಲೇ ಇವೆ. ಅತ್ತೆಯ ಬೈಗುಳ ಈಗ ಮೂರು ಬೀದಿ ದಾಟಿ ಕೇಳಿಸುತ್ತದೆ. ಓನರ್ ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ಅವರ ಆರೋಗ್ಯ ವಿಚಾರಿಸುತ್ತಾರೆ. ಇಷ್ಟು ಅಕ್ಕರೆಯ ಮನುಷ್ಯನನ್ನು ತೀರಾ ನಿರಾಸೆಗೊಳಿಸಬಾರದೆಂದು ಅತ್ತೆ ಅವರೆದುರು ಒಂದಿಷ್ಟು ಕೆಮ್ಮಿ ತೋರಿಸುತ್ತಾರೆ.